ಖಾನಾಪುರಕ್ಕೆ ಕೊನೆಯ ಬಸ್ಸು

ನಮ್ಮ ಕಾಕಾ ಜೀವಮಾನದಲ್ಲಿ ಒಂದೇ ಒಂದು ರೈಲನ್ನೂ ತಪ್ಪಿಸಿಕೊಂಡವರಲ್ಲ. ಹಾಗಂತ ಹೋಗಬೇಕಾದ ರೈಲಿಗೆ ಹೋದದ್ದನ್ನೂ ನಾನು ಕಂಡಿಲ್ಲ! ಹತ್ತು ಗಂಟೆಯ ರೈಲಿಗೆಂದು ಏಳಕ್ಕೇ ಖಾನಾಪುರ ಸ್ಟೇಶನ್ನಿಗೆ ಹೋಗಿ ಕೂರುವರು. ಎಂಟಕ್ಕೆ ಬೇರಾವುದೋ ರೈಲು ಬರುವುದು. "ಬಂದದ್ದನ್ನ ಬಿಡಬಾರದು" ಎಂದು ಅದನ್ನೇ ಹತ್ತಿಬಿಡುವರು. ಹೀಗೆ ಒಮ್ಮೆ ಬೆಳಗಾವಿಗೆಂದು ಹೊರಟವರು ತದ್ವಿರುದ್ಧ ದಿಕ್ಕಿನ ಲೋಂಡಾ ಮುಟ್ಟಿದ್ದರು. ಕೇಳಿದರೆ, "ಎಲ್ಲಿ ಮುಟ್ಟಿದ್ರ ಏನಾತು? ಟೈಮಿನಕಿಂತ ಮೊದಲ ಮುಟ್ಟೀನಿಲ್ಲ?" ಎಂದರು. ಇಂಥವರಿಗೆ ಏನು ಹೇಳುತ್ತೀರಿ?

ತಮ್ಮ ಮದುವೆಗೂ ಅಷ್ಟೇ. ವರನ ಕಡೆಯವರು ಸಂಜೆ ಬರಬೇಕಾಗಿತ್ತು. ಈ ಮಹಾರಾಯರು ಬೆಳಿಗ್ಗೆಯೇ ಒಬ್ಬರೇ ಹಾಜರು! ಹುಡುಗಿಯ ಮನೆಯಲ್ಲಿ ಇನ್ನೂ ಹಂದರ ಏಳುತ್ತಿತ್ತು. ವರನ ಮುಖ ನೋಡಿರದ ಹುಡುಗಿಯ ಸೋದರಮಾವ ಇವರನ್ನು ಹಂದರದ ಆಳೆಂದು ತಿಳಿದು, "ಏ, ನೋಡ್ಕೊಂತ ಏನ ನಿಂತಿ? ಕಂಬ ನೆಟ್ಟಗ ಹಿಡಿ!" ಎಂದು ಗದರಿಸಿದರಂತೆ. ಕಾಕಾ ಹಿಡಿದರು. ಒಂದಲ್ಲ, ಎಂಟು ಕಂಬ! ಇದನ್ನೆಲ್ಲ ಕಿಟಕಿಯಿಂದ ನೋಡಿದ್ದ ಮದುಮಗಳು, ಅಂದರೆ ನಮ್ಮ ಕಾಕೂ, ಈಗಲೂ ಹೇಳುತ್ತಾರೆ: "ತನ್ನ ಮದುವಿ ಹಂದರ ತಾನ ಹಾಕಿದ ಗಂಡ ಮತ್ತ ಯಾರಿಗಿ ಸಿಕ್ಕಾನ ಹೇಳು!"

ಎಲ್ಲ ಸರಿ, ಆದರೆ ಕಾಕೂಗೆ ನಾಟಕದ ಹುಚ್ಚು. ಅದೂ ಅಂತಿಂಥ ಹುಚ್ಚಲ್ಲ. ಬೆಳಗಾವಿಯಲ್ಲಿ ಯಾವುದಾದರೂ ನಾಟಕ ಕಂಪನಿ ಬಂದು ಕ್ಯಾಂಪು ಹಾಕಿತೆಂದರೆ ಅವರಿಗೆ ಖಾನಾಪುರದಲ್ಲಿ ಅನ್ನ ಸೇರುತ್ತಿರಲಿಲ್ಲ. ಕಾಕಾ ಪ್ರೀತಿಯಿಂದಲೇ ಕರೆದುಕೊಂಡು ಹೋಗುತ್ತಿದ್ದರು. ಆದರೆ ನಾಟಕ ಶುರುವಾಗುವುದು ಆರಕ್ಕೆ, ಮುಗಿಯುವುದು ಒಂಬತ್ತೂವರೆಗೆ; ಖಾನಾಪುರಕ್ಕೆ ಕೊನೆಯ ಬಸ್ಸು ಎಂಟೂವರೆಗೆ. ನಮ್ಮ ಕಾಕಾ ಅಂದಮೇಲೆ ಏಳೂವರೆಗೇ ಎದ್ದು ನಿಲ್ಲಬೇಡವೇ? ಇಪ್ಪತ್ತೈದು ವರ್ಷಗಳಲ್ಲಿ ಕಾಕೂ ಎಷ್ಟೋ ನಾಟಕ ನೋಡಿದರು. ಕೊನೆ ಮಾತ್ರ ಒಂದರದ್ದೂ ನೋಡಲಿಲ್ಲ! ಅವರ ಪಾಲಿಗೆ ಅದೆಷ್ಟು ನಾಯಕಿಯರು ಇನ್ನೂ ತವರಿನ ಬಾಗಿಲಲ್ಲೇ ಅಳುತ್ತ ನಿಂತಿದ್ದರೋ, ಅದೆಷ್ಟು ನಾಯಕರು ಇನ್ನೂ ಜೈಲಿನಲ್ಲೇ ಕೊಳೆಯುತ್ತಿದ್ದರೋ, ಆ ಬಸವಣ್ಣನೇ ಬಲ್ಲ.

ಅವರನ್ನು ಹಾಗೇ ಬಿಟ್ಟರೆ ಕಾಕೂಗೆ ನಿದ್ದೆ ಹತ್ತೀತೇ? ಬಸ್ಸು ಬೆಳಗಾವಿ ಬಿಟ್ಟು ಮಚ್ಛೆ ಊರು ದಾಟುವಷ್ಟರಲ್ಲಿ ತಾವೇ ಒಂದು ಕೊನೆ ಕಟ್ಟಿ ಕಾಕಾನಿಗೆ ಹೇಳಲು ಶುರು ಮಾಡುತ್ತಿದ್ದರು. ಆ ಕೊನೆಗಳಲ್ಲಿ ಕರುಣೆ ಕಡಿಮೆ. ಸೊಸೆಯನ್ನು ಕಾಡಿದ ಅತ್ತೆ ಎರಡು ಚೀಲ ಜೋಳ ಬೀಸಲೇಬೇಕು. ಹೆಂಡತಿಯನ್ನು ಹೊರಗೆ ಹಾಕಿದ ಗಂಡ ಆಕೆಯ ತವರಿನಲ್ಲಿ ಒಂದು ವರ್ಷ ದನ ಕಾಯಲೇಬೇಕು! ಮುಂದಿನ ಸೀಟಿನವರು ಹಿಂದಕ್ಕೆ ತಿರುಗುತ್ತಿದ್ದರು, ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆತು ನಿಲ್ಲುತ್ತಿದ್ದ.

ಆದರೂ ಖರೇ ಕೊನೆ ನೋಡಬೇಕೆಂಬ ಆಸೆ ಬಿಟ್ಟೀತೇ? ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ, ಅದು ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಕಾಕೂ ಸ್ಪಷ್ಟವಾಗಿ ಹೇಳಿಬಿಟ್ಟರು: "ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಸಾಯೂದರಾಗ ಒಂದ ನಾಟಕದ ಕೊನಿ ತೋರಸ್ರಿ."

ಹೀಗೆ ಇಬ್ಬರ ಎರಡು ದಿನದ ಬೆಳಗಾವಿ ಪ್ರವಾಸ ನಿಶ್ಚಯವಾಯಿತು. ನಾನು ಆಗ ಬೆಳಗಾವಿಯ ಶಿವಬಸವ ನಗರದಲ್ಲಿ ಮನೆ ಮಾಡಿಕೊಂಡು ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. "ನಮ್ಮ ಮನೀಗೇ ಬರ್ರಿ" ಎಂದರೆ, "ನಿನ್ನ ಮನಿಯಿಂದ ಸ್ಟ್ಯಾಂಡ್ ದೂರ ಆಗ್ತೈತಿ" ಎಂದು ಕಾಕಾ ಹಿಂದಿನ ದಿನವೇ ಬಂದು ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜನ್ನೇ ಹಿಡಿದರು. ಚೀಲದ ಗಂಟು ಬಿಚ್ಚಲಿಲ್ಲ. "ಬಿಚ್ಚಿದ್ರ ಮತ್ತ ಕಟ್ಟಬೇಕಲ್ಲ! ಟೈಮ್ ಹೋಗ್ತೈತಿ."

ಮೊದಲ ದಿನ ಸೂರ್ಯ ಹುಟ್ಟುವ ಮುಂಚೆ ಕೋಟೆ. ಕೋಟೆಯೊಳಗಿನ ಕಮಲ ಬಸದಿಯ ಬಾಗಿಲಿಗೆ ಇನ್ನೂ ಬೀಗ. ಬಾಗಿಲು ತೆಗೆಯುವವರೆಗೆ ಬೀಗವನ್ನೇ ನೋಡಿದೆವು! ನಾನು ಸಿಟ್ಟಿಗೆದ್ದು, "ಕಾಕಾ, ಕೋಟಿ ಏನ ಓಡಿ ಹೋಗ್ತಿತ್ತೇನ್ರಿ?" ಎಂದೆ. "ಅದು ಓಡೂದುಲ್ಲೋ ತಮ್ಮಾ, ನಾವು ಓಡಬೇಕಲ್ಲ?" ಎಂದರು. ಆಮೇಲೆ ಕುಂದಾ ತಿನ್ನಲು ಹೋದರೆ ಅಂಗಡಿಯಲ್ಲಿ ಇನ್ನೂ ಹಾಲು ಕುದಿಯುತ್ತಿತ್ತು.

ಎರಡನೆಯ ದಿನ ನಾಟಕ. ಕಾಕೂ ಹೊಸ ಇಳಕಲ್ ಸೀರೆಯುಟ್ಟು, ಮಲ್ಲಿಗೆ ಮುಡಿದು ನಮ್ಮಿಬ್ಬರ ನಡುವೆ ಕುಳಿತರು. ನಾಟಕದಲ್ಲಿ ಅತ್ತೆ ಸೊಸೆಯ ಮೇಲೆ ಕಳ್ಳತನದ ಅಪವಾದ ಹೊರಿಸಿ ಮನೆಯಿಂದ ತಳ್ಳಿದಳು. ಸೊಸೆ ಹೊಸ್ತಿಲ ಮೇಲೆ ಕುಸಿದಳು. ಸರಿಯಾಗಿ ಏಳೂವರೆ. ಕಾಕಾ ಎದ್ದು ನಿಂತರು!

"ಲಾಡ್ಜಿನ ಕೀಲಿ ನಿಮ್ಮ ಕಿಸೆದಾಗ ಐತ್ರಿ" ಎಂದರು ಕಾಕೂ, ರಂಗದಿಂದ ಕಣ್ಣು ಕೀಳದೆ.

"ಗೊತ್ತೈತಿ."

"ಮತ್ಯಾಕ ಎದ್ರಿ?"

"ನಾ ಎಲ್ಲಿ ಎದ್ದೀನಿ? ಕಾಲು ಎದ್ದಾವ."

"ಹಂಗಾದ್ರ ಕಾಲಿಗೆ ಹೋಗಾಕ ಹೇಳ್ರಿ. ನಾ ಅಂತೂ ಇವತ್ತ ಏಳೂದುಲ್ಲ."

ಹಿಂದಿನವರು "ಕುಂದರ್ರೀ!" ಎಂದು ಕೂಗತೊಡಗಿದರು. ಕಾಕಾ ಬೆವರುತ್ತ ಹೊರಟೇಬಿಟ್ಟರು. "ತಮ್ಮಾ, ಹೋಗು, ಬಸ್ ಹತ್ತಿಗಿತ್ತಾರು!" ಎಂದು ಕಾಕೂ ನನ್ನನ್ನು ಅಟ್ಟಿದರು. ಪಾಪ, ಅವರ ಕಣ್ಣು ರಂಗದ ಮೇಲಿದ್ದರೂ ಕೈ ಸೆರಗಿನ ಅಂಚು ಹಿಂಡುತ್ತಿತ್ತು. ಇಪ್ಪತ್ತೈದು ವರ್ಷ ಕಾದ ಕೊನೆಯನ್ನು ಹೀಗೆ ಒಬ್ಬರೇ ಕೂತು ನೋಡಬೇಕೇ ಎಂದುಕೊಳ್ಳುತ್ತ ನಾನು ಕಾಕಾನ ಹಿಂದೆ ಓಡಿದೆ.

ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಖಾನಾಪುರದ ಬಸ್ಸಿನ ಎದುರು ಒಂದು ತಾಸು ನಿಂತರು. ಹತ್ತಲಿಲ್ಲ, ಕದಲಲೂ ಇಲ್ಲ. ಅದೇ ಹಳೆಯ ಕಂಡಕ್ಟರ್ ಬಂದ. "ಏನ್ರಿ ಕಾಕಾ, ಕಾಕೂ ಎಲ್ಲಿ? ಇವತ್ತ ಕೊನಿ ಯಾರು ಹೇಳ್ತಾರು?"

"ಆಕಿ ಬರೂದುಲ್ಲ. ನೀ ಹೋಗಪಾ" ಎಂದರು ಕಾಕಾ.

ಕಂಡಕ್ಟರ್ ಗಂಟೆ ಬಾರಿಸಿದ. ಬಸ್ಸು ಹೊರಟಿತು. ಅದರ ಹಿಂದಿನ ಕೆಂಪು ದೀಪ ಮರೆಯಾಗುವವರೆಗೆ ನೋಡಿದ ಕಾಕಾ ಒಂದು ದೊಡ್ಡ ಉಸಿರು ಬಿಟ್ಟರು. ಅವರ ಹೆಗಲು ಇಳಿಯಿತು, ಮುಖ ಅರಳಿತು.

"ಹೋತು ನೋಡು! ಇನ್ನ ಯಾರು ಏನ ಮಾಡಿದ್ರೂ ಸಿಗೂದುಲ್ಲ. ನಡಿ, ಚಾ ಕುಡಿಯೂಣು."

ಕುಳಿತು ಕುಡಿದರು ಮಾರಾಯರೇ! ಬಶಿಗೆ ಸುರಿದುಕೊಂಡು, ಆರಿಸಿಕೊಂಡು, ಸೊರ್ ಎಂದು. ಅವರು ಕುಳಿತು ಚಹಾ ಕುಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

ನಾವು ಮರಳಿದಾಗ ಕೊನೆಯ ದೃಶ್ಯ ನಡೆಯುತ್ತಿತ್ತು. ಕಾಕಾ ಸದ್ದಿಲ್ಲದೆ ಹೋಗಿ ಪಕ್ಕದಲ್ಲಿ ಕುಳಿತರು. ಕಾಕೂ ತಿರುಗಿ ನೋಡಲಿಲ್ಲ. ಹಿಂಡುತ್ತಿದ್ದ ಸೆರಗನ್ನು ಮಾತ್ರ ಕೈಬಿಟ್ಟರು. ಕಳುವಾಗಿದ್ದ ಸರ ಸಿಕ್ಕಿತು, ಅತ್ತೆ ಎರಡು ಹನಿ ಕಣ್ಣೀರು ಹಾಕಿದಳು, ಸೊಸೆ ಆಕೆಯ ಕಾಲಿಗೆ ಬಿದ್ದಳು. ಮುಗಿಯಿತು. ಅಂಕದ ಪರದೆ ಬಿತ್ತು.

ಹೊರಗೆ ಬಂದು ನಡೆಯುತ್ತ ಕಾಕಾ ಕೇಳಿದರು, "ಹೆಂಗಿತ್ತು?"

"ಚಲೋ ಇತ್ತು." ಎಂದರು ಕಾಕೂ. "ಆದ್ರ ಅತ್ತೀಗೆ ಏನೂ ಆಗಲೇ ಇಲ್ಲ ನೋಡ್ರಿ. ಇಷ್ಟ ಇತ್ತೇನು? ಇದಕ್ಕ ಇಪ್ಪತ್ತೈದು ವರ್ಷ ಜೀವಾ ಬಿಟ್ಟೆ."

ಕಾಕಾ ನಡುರಸ್ತೆಯಲ್ಲೇ ನಿಂತುಬಿಟ್ಟರು. ನನಗೆ ಹೆದರಿಕೆಯಾಯಿತು, ಮತ್ತಾವ ಬಸ್ಸು ನೆನಪಾಯಿತೋ ಎಂದು.

"ಮೊದಮೊದಲ ನಾ ಬಸ್ಸಿನ ಸಲುವಾಗೇ ಏಳ್ತಿದ್ದೆ, ಖರೇ" ಎಂದರು. "ಆಮ್ಯಾಲ ಹಂಗಲ್ಲ. ನೀ ಮಚ್ಛೆ ದಾಟಿದ ಮ್ಯಾಲ ಏನ ಹೇಳ್ತಿ ಅಂತ ಕೇಳಾಕ ಏಳ್ತಿದ್ದೆ. ಕೊನೀ ತನಕಾ ಕುಂತ್ರ ನಿಂದು ಎಲ್ಲಿ ಸಿಗ್ತಿತ್ತು?"

ಕಾಕೂ ಮುಡಿಯ ಮಲ್ಲಿಗೆ ಸರಿಮಾಡಿಕೊಂಡು ಕಾಕಾನ ಕಡೆ ತಿರುಗಿದರು.

"ಈಗ ಹೇಳು, ಆ ಅತ್ತಿ ಮುಂದ ಏನಾದ್ಲು?" ಎಂದರು ಕಾಕಾ.

"ಇಲ್ಲೇ? ರಸ್ತೆದಾಗ?"

ನಮ್ಮ ಕಾಕಾ, ತಮ್ಮ ಮದುವೆಗೂ ಅರ್ಧ ದಿನ ಮೊದಲೇ ಹೋಗಿ ನಿಂತ ಆ ಮನುಷ್ಯ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಧೂಳನ್ನು ಧೋತರದ ಚುಂಗಿನಿಂದ ಒರೆಸಿ ಹೆಂಡತಿಗೆ ಜಾಗ ಮಾಡಿದರು.

"ಕುಂದರು. ಆರಾಮ ಹೇಳು. ನನಗೇನೂ ಗಡಬಡಿ ಇಲ್ಲ."