ಕಳ್ಳ ಮೇಲ್ ಬಂದ ವಾರ

ಬ್ಯಾಂಕಿನಲ್ಲಿ ಕೂತವನು ಕಥೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಟೋಕನ್ ಹಿಡಿದು ತಾವೇ ಬರುತ್ತವೆ. ನಾನು ಹಲಸೂರು ಶಾಖೆಯ ಮ್ಯಾನೇಜರಾಗಿದ್ದಾಗ, ಮನೆಮನೆಗೆ ಇಂಟರ್ನೆಟ್ ಬರುತ್ತಿದ್ದ ಕಾಲ. ನಮ್ಮ ಬ್ಯಾಂಕಿನ ಹೆಸರು, ಲಾಂಛನ ಹಚ್ಚಿಕೊಂಡು ಒಂದು ಕಳ್ಳ ಮೇಲ್ ಗಿರಾಕಿಗಳಿಗೆ ಹೋಗತೊಡಗಿತು: 'ಇಪ್ಪತ್ನಾಲ್ಕು ಗಂಟೆಯೊಳಗೆ ಪಾಸ್‌ವರ್ಡ್ ಕಳಿಸಿ, ಇಲ್ಲವಾದರೆ ಖಾತೆ ಮುಚ್ಚಲಾಗುವುದು.' ಕಳಿಸಿದರೆ ಖಾತೆಯೇ ಬರಿದು.

ನನಗೆ ದಿಗಿಲು ಪುಲಿಕೇಶಿನಗರದ ನಿವೃತ್ತ ಟೀಚರಮ್ಮನದು. ಮಂಡಿ ಆಪರೇಷನ್ನಿಗೆ ಕೂಡಿಟ್ಟ ಹಣವೆಲ್ಲ ನಮ್ಮಲ್ಲಿತ್ತು. ಅವರು ಇಂಟರ್ನೆಟ್ ಕಲಿತು ಹದಿನೈದೇ ದಿನ. ಫೋನ್ ಮಾಡಿದರೆ ಎಂಗೇಜ್. ಆಗ ಇಂಟರ್ನೆಟ್ ಬರುತ್ತಿದ್ದುದು ಫೋನ್ ಲೈನಿನಲ್ಲೇ; ಅಂದರೆ ಇಂಟರ್ನೆಟ್ಟಿನಲ್ಲೇ ಕೂತಿದ್ದಾರೆ!

೧. ಸೀಲು

ಮೊದಲು ಬಂದವರು ಶಿವಾಜಿನಗರದ ಟೈಲರ್ ಸಾಬರು. ಮೇಲನ್ನು ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿ, ಪಾಸ್‌ವರ್ಡನ್ನು ಪೆನ್ನಿನಲ್ಲಿ ತುಂಬಿ, ಎರಡು ಪ್ರತಿ ಹಿಡಿದು ಕ್ಯೂನಲ್ಲಿ ನಿಂತಿದ್ದರು.

"ಒಂದು ನಿಮ್ಗೆ ಸಾರ್. ಇನ್ನೊಂದಕ್ಕೆ ಸೀಲ್ ಹಾಕ್ಕೊಡಿ."

"ಇದು ಕಳ್ಳರ ಕಾಗದ ರೀ! ಅವರಿಗೂ ಕಳಿಸಿಬಿಟ್ರಾ?"

"ರಸೀದಿ ಇಲ್ದೆ ನಮ್ಮ ಮಾವನಿಗೇ ಏನೂ ಕೊಡಲ್ಲ ಸಾರ್, ಕಳ್ಳರಿಗೆ ಕೊಡ್ತೀನಾ?"

೨. ಮ್ಯಾನೇಜರರ ಖಾತೆ

ಅದೇ ಸಂಜೆ ಆ ಮೇಲ್ ನನಗೂ ಬಂತು. ದಿನವಿಡೀ ಊರಿಗೆಲ್ಲ ಬುದ್ಧಿ ಹೇಳಿದವನು, 'ಖಾತೆ ಮುಚ್ಚಲಾಗುವುದು' ಎಂದು ಓದಿದ್ದೇ ತಡ, ಪಾಸ್‌ವರ್ಡ್ ಕಳಿಸಲು ಮೌಸ್ ಹಿಡಿದೆ. ಹೆಂಡತಿ ಹಿಂದಿನಿಂದ ಇಣುಕಿದಳು.

"ಯಾವ ಬ್ರಾಂಚ್ ರೀ?"

"ನಮ್ದೇ."

"ಅಲ್ಲಿ ಖಾತೆ ಮುಚ್ಚೋಕೆ ಸಹಿ ಹಾಕೋರು ಯಾರು?"

"ನಾನೇ."

"ಹಾಗಾದ್ರೆ ನಾಳೆ ಹಾಕ್ಬೇಡಿ. ಈಗ ಊಟಕ್ಕೆ ಬನ್ನಿ."

೩. ಪರಿಚಯದ ಸಹಿ

ಮರುದಿನ ಬೆಳಿಗ್ಗೆಯೂ ಟೀಚರಮ್ಮನ ಫೋನ್ ಎಂಗೇಜ್. ತಡೆಯಲಾರದೆ ಸ್ಕೂಟರ್ ಹತ್ತಿ ಅವರ ಮನೆಗೇ ಹೋದೆ. ಕಂಪ್ಯೂಟರ್ ಮುಂದೆ ಕನ್ನಡಕ ಏರಿಸಿ ಕೂತಿದ್ದರು.

"ಬ್ಯಾಂಕ್ ಹೆಸರಲ್ಲಿ ಮೇಲ್ ಬಂತಾ ಅಮ್ಮ?"

"ಬಂತು. ಆಗ್ಲೇ ಉತ್ತರಾನೂ ಬರ್ದೆ."

"ಪಾಸ್‌ವರ್ಡ್ ಕೊಟ್ಬಿಟ್ರಾ?"

"ಗುರುತಿಲ್ಲದೋರಿಗೆ ಹೇಗ್ ಕೊಡ್ಲಿ? ರೇಷನ್ ಕಾರ್ಡ್ ಜೆರಾಕ್ಸು, ಎರಡು ಫೋಟೋ, ನನಗೆ ಗೊತ್ತಿರೋ ಒಬ್ಬರ ಪರಿಚಯದ ಸಹಿ ತಗೊಂಡು ಖುದ್ದಾಗಿ ಬನ್ನಿ, ಊಟದ ಹೊತ್ತಲ್ಲಿ ಮಾತ್ರ ಬರ್ಬೇಡಿ ಅಂತ ಬರ್ದೆ."

ಮಂಡಿಯ ಹಣ ಉಳಿಯಿತು. ನನ್ನ ತಲೆ ಮಾತ್ರ ತಗ್ಗಿತು. ಅವರು ಖಾತೆ ತೆರೆಯಲು ಬಂದಾಗ ಇದೇ ಮಾತು, ಇದೇ ಕ್ರಮದಲ್ಲಿ ಹೇಳಿ, ಮೂರು ಸಲ ವಾಪಸ್ ಕಳಿಸಿದವನು ನಾನೇ.

"ಮತ್ತೆ ಏನಾದ್ರೂ ಬರೆದ್ರಾ ಅವರು?" ಮೆಲ್ಲಗೆ ಕೇಳಿದೆ.

"ಎಲ್ಲಿ ಬರೀತಾರೆ! ಮೂರು ಸಲ ವಾಪಸ್ ಹೋಗಿ ನಾಲ್ಕನೇ ಸಲ ಬರೋ ತಾಳ್ಮೆ ಕಳ್ಳರಿಗಿರುತ್ತಾ? ಅದು ನಿಮ್ಮ ಗಿರಾಕಿಗಳಿಗೆ ಮಾತ್ರ."