ಎಡಗಿವಿಗೆ ಮಾವ, ಬಲಗಿವಿಗೆ ಅಪ್ಪ

ಒಪ್ಪಿಕೊಳ್ಳುವುದು ಎಂಬ ಕ್ರಿಯಾಪದ ನನ್ನ ನಾಲಗೆಗೆ ಅಷ್ಟಾಗಿ ಒಗ್ಗಿಲ್ಲ. ಯಾರಾದರೂ ಇವತ್ತು ಸೆಖೆ ಜಾಸ್ತಿ ಎಂದರೆ ಸಾಕು, ಯಾವುದಕ್ಕಿಂತ ಜಾಸ್ತಿ ಎಂದು ಕೇಳಿಬಿಡುತ್ತೇನೆ. ವಡೋದರಾದ ಮೇ ತಿಂಗಳಲ್ಲಿ ಈ ಪ್ರಶ್ನೆ ಕೇಳುವ ಹುಡುಗಿಯನ್ನು ಜನ ಯಾವ ಕಣ್ಣಿನಿಂದ ನೋಡುತ್ತಾರೆಂದು ನೀವೇ ಊಹಿಸಿಕೊಳ್ಳಿ. ತಪ್ಪು ನನ್ನದಲ್ಲ, ತರಬೇತಿಯದು. ನಮ್ಮ ಕಾಲೇಜಿನ ಚರ್ಚಾ ತಂಡದಲ್ಲಿ ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಬೆಳಿಗ್ಗೆ ಮೇಜು ಗುದ್ದಿ ಪರೀಕ್ಷೆಗಳು ಬೇಕೇಬೇಕು ಎಂದವಳು ಮಧ್ಯಾಹ್ನ ಅದೇ ಮೇಜು ಗುದ್ದಿ ಬೇಡವೇ ಬೇಡ ಎಂದದ್ದುಂಟು. ಎರಡು ಸಲವೂ ಕಪ್ ನಮಗೇ ಬಂದಿತ್ತು. ಇಂಥವಳ ಕೈಗೆ ವಿಡಿಯೊ ಕ್ಯಾಮೆರಾ ಕೊಡಬಾರದು. ಕೊಟ್ಟರೂ ಅದರ ಜೊತೆ ಬರುವ ದಪ್ಪ ಕೈಪಿಡಿಯನ್ನಂತೂ ಕೊಡಬಾರದು. ಸದಾನಂದ ಮಾವ ಎರಡನ್ನೂ ಕೊಟ್ಟರು.

ಮಾವ ಎಂದರೆ ಅಮ್ಮನ ತಮ್ಮ. ಸೂರತ್‌ನಲ್ಲಿ ವಜ್ರ ಉಜ್ಜುವವರಿಗೂ ಸೀರೆ ಮಾರುವವರಿಗೂ ಇಡ್ಲಿ ದೋಸೆ ತಿನ್ನಿಸುವ ಹೋಟೆಲು ಅವರದು. ಅಲ್ಲಿನವರ ಬಾಯಿಗೆ ಹಿಡಿಸಲೆಂದು ಸಾಂಬಾರಿಗೆ ಬೆಲ್ಲ ಸುರಿದೂ ಸುರಿದೂ ಅವರ ಮಾತೂ ಸ್ವಲ್ಪ ಸಿಹಿಯಾಗಿದೆ ಎಂದು ಅಪ್ಪ ಹೇಳುತ್ತಾರೆ. ಅದು ಹೊಗಳಿಕೆಯಲ್ಲ. ಅಪ್ಪ ಮಕರಪುರದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರದ ಪಕ್ಕದಲ್ಲೇ ಹರೆಯ ಕಳೆದವರು. ಆ ಯಂತ್ರ ಇದ್ದದ್ದು ಅವರ ಎಡಕ್ಕೆ. ಹಾಗಾಗಿ ಅವರ ಎಡಗಿವಿ ಕೇಳುವುದಿಲ್ಲ. ಇದು ಮನೆಯವರಿಗೆಲ್ಲ ಗೊತ್ತಿದ್ದು, ಅಪ್ಪ ಮಾತ್ರ ಎಂದೂ ಬಾಯಿಬಿಟ್ಟು ಹೇಳದ ಸಂಗತಿ. ನಾವು ರಸ್ತೆಯಲ್ಲಿ ನಡೆಯುವಾಗ ಅವರ ಬಲಕ್ಕೇ ನಡೆಯುತ್ತೇವೆ, ಸ್ಕೂಟರಿನಲ್ಲಿ ಬಲ ಹೆಗಲ ಮೇಲಿಂದ ಮಾತಾಡುತ್ತೇವೆ. ಹೊರಗಿನವರು ಎಡಕ್ಕೆ ಬಂದು ಏನಾದರೂ ಕೇಳಿ ಅಪ್ಪ ಉತ್ತರಿಸದಿದ್ದರೆ, ‘ಈ ಫ್ಯಾನಿನ ಶಬ್ದ ಒಂದು’ ಎನ್ನುತ್ತಾರೆ. ಕರೆಂಟು ಹೋದಾಗಲೂ ಒಮ್ಮೆ ಹಾಗೆ ಹೇಳಿದ್ದರು.

ಈ ಭಾವ-ಭಾವಮೈದುನರಿಬ್ಬರ ಪ್ರಾಣ ಇರುವುದು ತಾಳಮದ್ದಲೆಯಲ್ಲಿ. ಕಂಡಿರದವರಿಗಾಗಿ ಹೇಳುತ್ತೇನೆ: ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪುರಾಣದ ಪ್ರಸಂಗವೊಂದರ ಪದ ಹಾಡುತ್ತಾರೆ. ಹಾಡು ನಿಂತೊಡನೆ ಪಂಚೆ ಜುಬ್ಬದಲ್ಲಿ ಕೂತ ಅರ್ಥಧಾರಿಗಳು ಪಾತ್ರವೇ ತಾವಾಗಿ ಮಾತಿನಲ್ಲಿ ಹೊಡೆದಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಾಳಿ ಏನು ಕೇಳುತ್ತಾನೋ ಅದಕ್ಕೆ ಅಲ್ಲೇ, ಆಗಲೇ ಉತ್ತರ ಹುಟ್ಟಬೇಕು. ನನ್ನ ಕಾಲೇಜಿನ ಚರ್ಚೆಗಿಂತ ಕಠಿಣ. ಏಕೆಂದರೆ ಇಲ್ಲಿ ಗಂಟೆ ಬಾರಿಸಿ ಕಾಪಾಡುವವರಿಲ್ಲ. ಗುಜರಾತಿನಲ್ಲಿ ಹುಟ್ಟಿ ಬೆಳೆದ ನನಗೆ ಕನ್ನಡ ಇಷ್ಟಾದರೂ ಬರುವುದು ಇದರಿಂದ. ಅಪ್ಪ ಅಭ್ಯಾಸ ಮಾಡುವಾಗ ನನ್ನನ್ನು ಎದುರಾಳಿಯಾಗಿ ಕೂರಿಸಿಕೊಳ್ಳುತ್ತಿದ್ದರು. ಬಲಕ್ಕೆ.

ಆ ವರ್ಷ ನಮ್ಮ ಕಾಲೊನಿಯ ಕ್ಲಬ್ಬಿನಲ್ಲಿ ವಡೋದರಾದ ಕನ್ನಡಿಗರ ಒಂದು ಕೂಟ. ಪ್ರಸಂಗ ಸಂಧಾನದ್ದು. ಅಪ್ಪನದು ಯುದ್ಧಕ್ಕೆ ಸಿದ್ಧನಾದ ಸೇನಾಪತಿ, ಮಾವನದು ಅವನ ಮನಸ್ಸು ತಿರುಗಿಸಲು ಬಂದ ರಾಯಭಾರಿ. ಡಿಜಿಟಲ್ ಎಂಬ ಶಬ್ದ ಆಗಷ್ಟೇ ನಮ್ಮ ಬಾಯಲ್ಲಿ ಓಡಾಡತೊಡಗಿದ್ದ ಕಾಲ. ಮಾವ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಕೊಂಡು, ಅದನ್ನು ನನ್ನ ಮಡಿಲಿಗೆ ಹಾಕಿ, ‘ವಕೀಲಮ್ಮ, ರೆಕಾರ್ಡು ನಿನ್ನ ಜವಾಬ್ದಾರಿ. ಒಂದು ಮೈಕ್ ನಡುವಿನಲ್ಲಿ ಇಡು, ಮುಗೀತು’ ಎಂದರು.

ಒಂದು ಮೈಕ್! ನಾನು ಕೈಪಿಡಿ ಓದಿಯಾಗಿತ್ತು. ಒಂದು ಮೈಕ್ ಎಂದರೆ ಮೋನೋ. ಎರಡು ಧ್ವನಿಗಳೂ ಒಂದೇ ಪಾತ್ರೆಯಲ್ಲಿ ಬೆಂದ ಹಾಗೆ. ಸ್ಟೀರಿಯೊ ಎಂದರೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ‘ಮಾವ, ಇದು ವಾದ. ವಾದಕ್ಕೆ ಎರಡು ಪಕ್ಷ. ಎರಡನ್ನೂ ಬೇರೆ ಬೇರೆಯಾಗಿ ಕೇಳುವ ಹಕ್ಕು ಕೇಳುಗನಿಗಿದೆ. ಮೋನೋ ಅಂದರೆ ತೀರ್ಪುಗಾರನ ಒಂದು ಕಿವಿಗೆ ಹತ್ತಿ ತುರುಕಿದ ಹಾಗೆ’ ಎಂದು ಶುರುಮಾಡಿದೆ. ಮಾವ, ‘ಎರಡು ಮಾತೂ ಕೇಳಿದ್ರೆ ಸಾಕಲ್ವಾ ಮಾರಾಯ್ತಿ? ಚಟ್ನಿ ಬೇರೆ ಸಾಂಬಾರು ಬೇರೆ ಇಟ್ರೂ ಗಿರಾಕಿ ಕಲಸಿಯೇ ತಿನ್ನುದು’ ಎಂದರು. ಆ ಉಪಮೆಯ ದೋಷಗಳನ್ನು ನಾನು ಒಂದೊಂದಾಗಿ ಎತ್ತಿ ತೋರಿಸಿದೆ. ಅರ್ಧಕ್ಕೇ ಅವರು ಕೈಮುಗಿದರು. ಎರಡು ಮೈಕುಗಳನ್ನು ಒಂದೇ ತೂತಿಗೆ ಸೇರಿಸುವ ಕವಲು ವೈರಿಗಾಗಿ ಅಹಮದಾಬಾದಿಗೇ ಹೋದೆ. ಅಂಗಡಿಯವನೂ ಬಿಡಲಿಲ್ಲ: ‘ಬೇನ್, ಶಾದಿ ಕಾ ವಿಡಿಯೊ ಹೈ ತೊ ಮೋನೋ ಕರೊ ನೆ! ದೂಲ್ಹಾ ದುಲ್ಹನ್ ಕೊ ಕೌನ್ ಸುನತಾ ಹೈ?’ ಮದುವೆ ವಿಡಿಯೊದಲ್ಲಿ ವಧೂವರರ ಮಾತು ಯಾರು ಕೇಳುತ್ತಾರೆ, ಮೋನೋ ಸಾಕು ಎಂದ ಅವನಿಗೂ ಉತ್ತರ ಕೊಟ್ಟೇ ರೈಲು ಹತ್ತಿದೆ.

ಯಾವ ಮೈಕ್ ಎಡ, ಯಾವುದು ಬಲ ಎಂಬಲ್ಲಿ ನನ್ನ ತರಬೇತಿ ಮತ್ತೆ ತಲೆಹಾಕಿತು. ನಮ್ಮ ಚರ್ಚೆಗಳಲ್ಲಿ ಎಡಬಲ ಎಣಿಸುವುದು ಅಧ್ಯಕ್ಷರ ಕುರ್ಚಿಯಿಂದ, ಪ್ರೇಕ್ಷಕರ ಕಡೆಯಿಂದಲ್ಲ. ಹಾಗೆಯೇ ವೇದಿಕೆಯ ಬಲದಲ್ಲಿ ಕೂತ ಅಪ್ಪನ ಮೈಕನ್ನು ಬಲಕ್ಕೆ, ಎಡದಲ್ಲಿ ಕೂತ ಮಾವನದನ್ನು ಎಡಕ್ಕೆ ಸಿಕ್ಕಿಸಿದೆ. ಕ್ಯಾಮೆರಾದ ಕಣ್ಣಿಗೆ ಇದು ಪೂರ್ತಿ ತಲೆಕೆಳಗು ಎಂದು ನನಗೆ ಹೊಳೆಯಲಿಲ್ಲ. ಮಾವ ಅಪ್ಪನ ಎಡಗಿವಿಯ ಕಡೆ ಕೂತಿದ್ದಾರೆಂಬುದೂ ಹೊಳೆಯಲಿಲ್ಲ. ನನ್ನ ಗಮನವೆಲ್ಲ ವೈರುಗಳ ಮೇಲೆ. ವೈರುಗಳೋ ಮೊಳದಷ್ಟೇ ಉದ್ದ. ಇಬ್ಬರ ನಡುವೆ, ಅವರ ಕಾಲಬುಡದಲ್ಲೇ, ನೆಲದ ಮೇಲೆ ಕೂತು ಕ್ಯಾಮೆರಾ ಮೇಲಕ್ಕೆತ್ತಿ, ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನು ಹಾಕಿಕೊಂಡೆ. ಇದ್ದದ್ದು ನಲ್ವತ್ತು ಜನ; ಧ್ವನಿವರ್ಧಕ ಇರಲಿಲ್ಲ. ಮೈಕುಗಳು ನನ್ನ ಟೇಪಿಗಾಗಿ ಮಾತ್ರ.

ಅರ್ಧದವರೆಗೆ ಎಲ್ಲ ಸೊಗಸಾಗಿತ್ತು. ಆಮೇಲೆ ಮಾವ, ಮೈಕು ಕಂಡರೆ ಎಲ್ಲರೂ ಮಾಡುವಂತೆ, ಅದನ್ನು ತುಟಿಗೇ ತಂದುಕೊಂಡು ಧ್ವನಿ ತಗ್ಗಿಸಿ ಕೇಳಿದರು: ‘ಸೇನಾಪತಿ, ನಾಳೆ ನಿನ್ನನ್ನು ನಂಬಿ ಸಾಯುವ ಸೈನಿಕರ ಮಕ್ಕಳು ಬಂದು, ನಮ್ಮಪ್ಪ ಎಲ್ಲಿ ಎಂದರೆ ಏನು ಹೇಳುತ್ತೀ?’ ಒಳ್ಳೆಯ ಪ್ರಶ್ನೆ. ಅಪ್ಪ ಕಣ್ಣು ಅರೆಮುಚ್ಚಿ, ಗಂಭೀರವಾಗಿ ಹೇಳಿದರು: ‘ಹಸಿದಾಗ ಬಡಿಸಿದ ಕೈಯನ್ನು, ಹೊಟ್ಟೆ ತುಂಬಿದ ಮೇಲೆ ನೀನು ಯಾರ ಪೈಕಿ ಎಂದು ಕೇಳುವವನು ನಾನಲ್ಲ.’ ಮಾತು ಚಿನ್ನದಂಥದ್ದು. ಆದರೆ ಅದು ಒಡೆಯನನ್ನೇಕೆ ಬಿಡಲಾರೆ ಎಂಬ ಪ್ರಶ್ನೆಗೆ ಉತ್ತರ. ನನ್ನ ಬಾಯಿಂದ ಒಂದು ಗೊಣಗಾಟ ಹೊರಬಿತ್ತು. ಮರುಕ್ಷಣ ಸಭೆ ಘೊಳ್ಳೆಂದಿತು. ಆ ಅಬ್ಬರಕ್ಕೆ ಹೆಡ್‌ಫೋನಿನೊಳಗೆ ಕಿವಿ ಒಡೆದಂತಾಗಿ ಅದರ ಧ್ವನಿಯ ಗುಂಡಿಯನ್ನು ಪೂರ್ತಿ ತಗ್ಗಿಸಿದೆ. ಮಾವ ಏನೋ ಹೇಳಿದರು, ಜನ ಇನ್ನಷ್ಟು ನಕ್ಕರು. ನನಗೆ ಅಪ್ಪನ ಮುಖ ನೋಡುವ ಧೈರ್ಯವಾಗದೆ, ಕ್ಯಾಮೆರಾದ ಪರದೆಯ ಮೂಲೆಯಲ್ಲಿದ್ದ ಬ್ಯಾಟರಿಯ ಚಿತ್ರವನ್ನೇ ನೋಡುತ್ತಾ ಕೂತೆ. ಊಟದ ಹೊತ್ತಿಗೆ ಮಾವ ನನ್ನ ತಲೆ ತಟ್ಟಿ, ‘ವಕೀಲಮ್ಮ, ನೀನು ಒಳ್ಳೆ ಅರ್ಥಧಾರಿ ಆಗ್ತಿ’ ಎಂದರು. ಸ್ಟೀರಿಯೊ ವಾದವನ್ನು ಮೆಚ್ಚಿ ಹೇಳಿದ್ದೆಂದು ತಿಳಿದು ಥ್ಯಾಂಕ್ಸ್ ಹೇಳಿದೆ.

ಮನೆಗೆ ಬಂದ ಅಪ್ಪ ಚಪ್ಪಲಿ ಬಿಡುತ್ತಾ ಕೇಳಿದ್ದು ಒಂದೇ ಪ್ರಶ್ನೆ: ‘ಜನ ಯಾಕೆ ನಗಾಡಿದ್ದು?’ ನಾನು, ‘ಟೇಪಿನಲ್ಲಿ ಇರ್ತದೆ ಅಪ್ಪ’ ಎಂದು ಜಾರಿಕೊಂಡೆ. ಅಪ್ಪ ತಪ್ಪು ಉತ್ತರ ಕೊಟ್ಟರು, ಅದಕ್ಕೆ ನಕ್ಕರು. ಇದು ನನ್ನ ತೀರ್ಮಾನ. ಅದನ್ನು ಅವರಿಗೆ ಹೇಗೆ ಹೇಳಲಿ? ಅವರೂ ತಮ್ಮಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿದ್ದರು: ಸದಾನಂದ ಏನೋ ಹೇಳಿ ತಮ್ಮನ್ನು ಸಭೆಯಲ್ಲಿ ಗೇಲಿ ಮಾಡಿದ್ದಾನೆ. ಅಂದಿನಿಂದ ಸೂರತ್‌ನಿಂದ ಫೋನು ಬಂದರೆ ಅಪ್ಪ ಬಚ್ಚಲಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಅಹಮದಾಬಾದಿನ ಕನ್ನಡಿಗರು ಇದೇ ಜೋಡಿ, ಇದೇ ಪ್ರಸಂಗ ನಮ್ಮಲ್ಲೂ ಆಗಲಿ ಎಂದು ಕರೆದರು. ಅಪ್ಪ ಒಂದೇ ಮಾತಿನಲ್ಲಿ, ‘ಇಲ್ಲ. ಇನ್ನು ಅರ್ಥ ಹೇಳುದಿಲ್ಲ ನಾನು’ ಎಂದರು. ಸಂಜೆ ಸ್ನಾನ ಮಾಡಿ ತಮ್ಮಷ್ಟಕ್ಕೇ ವಾದಿಸುತ್ತಾ ಅಂಗಳದಲ್ಲಿ ಓಡಾಡುತ್ತಿದ್ದ ಮನುಷ್ಯ, ಟಿ.ವಿ.ಯಲ್ಲಿ ಅರ್ಥವಾಗದ ಕ್ರಿಕೆಟ್ಟು ನೋಡುತ್ತಾ ಕೂರತೊಡಗಿದರು. ಕೊನೆಗೆ ಅಮ್ಮನೇ, ‘ನೀನು ತೆಗ್ದದ್ದು ಎಂತಕ್ಕೆ ಮತ್ತೆ? ಅದನ್ನೊಮ್ಮೆ ಹಾಕಿ ತೋರ್ಸು ಅವರಿಗೆ’ ಎಂದು ನನ್ನನ್ನು ತಿವಿದಳು. ಕೂಟದ ದಿನ ಅವಳು ಹಿಂದಿನ ಕೋಣೆಯಲ್ಲಿ ಬಡಿಸುವ ತಯಾರಿಯಲ್ಲಿದ್ದವಳು. ಅವಳಿಗೂ ಏನೂ ಗೊತ್ತಿಲ್ಲ.

ಭಾನುವಾರ ಮಧ್ಯಾಹ್ನ ಕ್ಯಾಮೆರಾದ ವೈರನ್ನು ಟಿ.ವಿ.ಗೆ ಜೋಡಿಸಿದೆ. ಹಳದಿ ಪಿನ್ನು ಚಿತ್ರಕ್ಕೆ, ಬಿಳಿ ಎಡದ ಧ್ವನಿಗೆ, ಕೆಂಪು ಬಲದ ಧ್ವನಿಗೆ. ನಮ್ಮ ಹಳೆಯ ಟಿ.ವಿ.ಯಲ್ಲಿ ಧ್ವನಿಗೆ ಇದ್ದದ್ದು ಒಂದೇ ತೂತು. ಬಿಳಿಯನ್ನು ಸಿಕ್ಕಿಸಿದೆ. ಪರದೆಯ ಮೇಲೆ ಮಾವ ಗುಡುಗಿದರು. ಆಮೇಲೆ ಅಪ್ಪ ಬಾಯಿ ಬಿಟ್ಟರು, ಕೈ ಬೀಸಿದರು, ಎದೆ ತಟ್ಟಿಕೊಂಡರು. ಗಾಜಿನ ತೊಟ್ಟಿಯ ಮೀನಿನಂತೆ, ಸದ್ದಿಲ್ಲ.

‘ನಂದೆಲ್ಲಿ ಉಂಟು?’ ಎಂದರು ಅಪ್ಪ.

‘ಅದು ಬಲದಲ್ಲಿದೆ ಅಪ್ಪ. ಸ್ಟೀರಿಯೊ.’

‘ಅವನದ್ದು ಮಾತ್ರ ಬರುದಕ್ಕೆ ಸ್ಟೀರಿಯೊ ಅಂತ ಹೇಳುದಾ? ಒಳ್ಳೆದುಂಟು. ಕ್ಯಾಮೆರಾ ಅವನದ್ದೇ ಅಲ್ವಾ!’

ನಾನು ಗಡಿಬಿಡಿಯಲ್ಲಿ ಟಿ.ವಿ. ನಿಲ್ಲಿಸಿ, ಹೆಡ್‌ಫೋನನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಅಪ್ಪನ ತಲೆಗೇರಿಸಿದೆ. ಹೆಡ್‌ಫೋನಿನಲ್ಲಿ ಎರಡೂ ಬರುತ್ತವೆ ಎಂಬುದು ತರ್ಕ. ಎರಡೂ ಬಂದವು, ನಿಜ. ಎಡಗಿವಿಗೆ ಬಂದ ಮಾವನಿಗೆ ಅಲ್ಲಿ ಬಾಗಿಲು ತೆರೆಯುವವರಿರಲಿಲ್ಲ. ಬಲಗಿವಿಗೆ ಬಂದದ್ದು ಅಪ್ಪ ಮಾತ್ರ. ಕೇಳುಗನಿಗೆ ಎರಡು ಕಿವಿ ಇರುತ್ತವೆಂದು ಹಿಡಿದು ಕಟ್ಟಿದ ನನ್ನ ಇಡೀ ವಾದ ನಮ್ಮ ಮನೆಯ ಸೋಫಾದ ಮೇಲೆಯೇ ಕುಸಿದು ಕೂತಿತ್ತು. ಅಪ್ಪ ಮೊದಮೊದಲು ಸಂತೋಷದಲ್ಲೇ ತಲೆಯಾಡಿಸಿದರು. ತಮ್ಮ ಮಾತು, ನಡುವೆ ಎದುರಾಳಿಯೇ ಇಲ್ಲದ ಪ್ರಶಾಂತ ಮೌನ, ಮತ್ತೆ ತಮ್ಮ ಮಾತು. ಯಾವ ಅರ್ಥಧಾರಿಗೆ ಬೇಡ? ಆಮೇಲೆ ಆ ಜಾಗ ಬಂತು. ಅವರು ನೆಟ್ಟಗೆ ಕೂತರು. ಹುಬ್ಬು ಮೇಲೇರಿತು. ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ, ‘ಹಿಂದೆ ತಿರ್ಗಿಸು’ ಎಂದರು. ಹೆಡ್‌ಫೋನು ತೆಗೆದು, ಎಡದ ಬಟ್ಟಲು ಬಲಗಿವಿಗೆ ಬರುವಂತೆ ತಿರುಗಿಸಿ ಹಾಕಿಕೊಂಡು ಕೇಳಿದರು. ನನ್ನ ಕೈಪಿಡಿಯಲ್ಲಿ ಎಲ್ಲೂ ಇಲ್ಲದ ಉಪಾಯ. ಈಗ ಅವರ ಹೊಟ್ಟೆ ಕುಲುಕತೊಡಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹೆಡ್‌ಫೋನು ತೆಗೆದು ನನ್ನ ತಲೆಗೆ ಹಾಕಿದರು. ‘ನೀನೇ ಕೇಳು ಮಗಾ. ನಿಂಗೆ ಎರಡು ಕಿವಿ ಉಂಟಲ್ಲ.’

ಕೇಳಿದೆ. ಎಡದಲ್ಲಿ ಮಾವನ ಪ್ರಶ್ನೆ. ಬಲದಲ್ಲಿ ಅಪ್ಪನ ಚಿನ್ನದಂಥ ಉತ್ತರ. ಆಮೇಲೆ ಎಡವೂ ಅಲ್ಲ, ಬಲವೂ ಅಲ್ಲ, ನೆತ್ತಿಯ ನಟ್ಟನಡುವೆ, ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನನ್ನು ಕೂಗುವ ಗಂಟಲಿನಲ್ಲಿ ಒಂದು ಹೆಣ್ಣು ದನಿ: ‘ಅಪ್ಪಾ! ಅದಲ್ಲ ಪ್ರಶ್ನೆ!’

ಕಿವಿ ಮುಚ್ಚಿಕೊಂಡವರಿಗೆ ತಮ್ಮ ಗೊಣಗಾಟದ ಅಳತೆ ಗೊತ್ತಾಗುವುದಿಲ್ಲ. ಸಭೆ ನಕ್ಕದ್ದು ಅದಕ್ಕೆ. ನಗುವಿನ ನಡುವೆಯೇ ಮಾವ, ರಾಯಭಾರಿಯ ಠೀವಿ ಬಿಡದೆ ಹೇಳಿದ್ದರು: ‘ಸೇನಾಪತಿ, ನಾನು ಮುಂದೆ ಕೇಳಬೇಕೆಂದಿದ್ದ ಪ್ರಶ್ನೆಗೆ ನೀನು ಮೊದಲೇ ಉತ್ತರ ಕೊಟ್ಟೆ, ನಿನ್ನನ್ನು ಕಂಡರೆ ಭಯವಾಗುವುದು ಇದಕ್ಕೇ. ನೆಲದ ಮೇಲೆ ಕೂತು ಕೂಗಿದ ಆ ಮಗುವಿಗೆ ಯಾರಾದರೂ ಹೇಳಿ: ರಾಯಭಾರಿ ಪ್ರಶ್ನೆ ಕೇಳುವುದು ಉತ್ತರಕ್ಕಲ್ಲ, ಉತ್ತರಿಸುವವನ ಮುಖ ನೋಡಲಿಕ್ಕೆ.’ ಎರಡನೆಯ ನಗು, ಚಪ್ಪಾಳೆ. ಇಡೀ ಸಭೆಯಲ್ಲಿ ಇದನ್ನು ಕೇಳದೆ ಉಳಿದವರು ಇಬ್ಬರು. ಒಬ್ಬರ ಕಿವಿಯನ್ನು ಪ್ರೆಸ್ ಯಂತ್ರ ಮುಚ್ಚಿತ್ತು, ಇನ್ನೊಬ್ಬಳು ತಾನೇ ಮುಚ್ಚಿಕೊಂಡಿದ್ದಳು.

‘ಇದನ್ನು ಅಳಿಸ್ತೇನೆ’ ಎಂದೆ. ಅಳಿಸುವುದು ಹೇಗೆ? ಎಡವನ್ನು ತೆಗೆದರೆ ಮಾವ ಹೋಗುತ್ತಾರೆ, ಬಲವನ್ನು ತೆಗೆದರೆ ಅಪ್ಪ ಹೋಗುತ್ತಾರೆ. ಇಬ್ಬರಿಗೂ ಸಮಾನ ದೂರದಲ್ಲಿ ನಿಷ್ಪಕ್ಷಪಾತವಾಗಿ ಕೂತಿದ್ದ ನಾನು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಎರಡನ್ನೂ ಬೆರೆಸಿ ಮೋನೋ ಮಾಡಿದರೂ ಇರುತ್ತೇನೆ.

ಅಪ್ಪ ಆಗಲೇ ಫೋನಿನ ಪಕ್ಕದಲ್ಲಿದ್ದರು. ‘ಸದಾ, ಅಹಮದಾಬಾದಿಗೆ ಹೋಗುವ ಮಾರಾಯ. ಆದ್ರೆ ನೀನು ನನ್ನ ಬಲಕ್ಕೆ ಕೂತ್ಕೊಳ್ಬೇಕು. ನಂಗೆ ಎಡಗಿವಿ ಕೇಳುದಿಲ್ಲ.’ ಅಡುಗೆಮನೆಯಲ್ಲಿ ಅಮ್ಮನ ಪಾತ್ರೆ ಸದ್ದು ನಿಂತಿತು. ಆ ವಾಕ್ಯವನ್ನು ಅಪ್ಪ ಹೇಳಿದ್ದು ನಾವು ಕೇಳಿದ್ದು ಅದೇ ಮೊದಲು. ಆ ಕಡೆಯಿಂದ ಮಾವನ ದನಿ ರಿಸೀವರು ದಾಟಿ ಬರುತ್ತಿತ್ತು: ‘ಆವತ್ತೇ ಗೊತ್ತಾಯ್ತು ಭಾವ. ಹಾಗೇ ಕೂತ್ಕೊಳ್ಳುವ. ನಮ್ಮ ವಕೀಲಮ್ಮನ ಮೈಕ್ ಎಷ್ಟು ಈ ಸಲ? ಒಂದಾ, ಎರಡಾ?’

‘ಎಷ್ಟಾದ್ರೂ ತರ್ಲಿ’ ಎಂದರು ಅಪ್ಪ. ‘ವೈರು ಮಾತ್ರ ಉದ್ದದ್ದು ಬೇಕು. ಇವಳು ಗೇಟಿನ ಹತ್ರ ಕೂತ್ಕೊಳ್ಳುವಷ್ಟು.’

ಇದಕ್ಕೆ ನನ್ನಲ್ಲಿ ಬಲವಾದ ಪ್ರತಿವಾದವಿತ್ತು. ವೈರು ಉದ್ದವಾದಷ್ಟೂ ಧ್ವನಿ ಕೆಡುತ್ತದೆ ಎಂಬಲ್ಲಿಂದ ಆರಂಭಿಸಿ ಉದಾಹರಣೆಗಳ ಸಮೇತ, ಒಂದು ಕಡೆಯೂ ತಡವರಿಸದೆ ಮಂಡಿಸಿದೆ. ನಾನು ಇದುವರೆಗೆ ಮಾಡಿದ ಭಾಷಣಗಳಲ್ಲೇ ಅತ್ಯುತ್ತಮವಾದದ್ದು ಎಂದು ಈಗಲೂ ನಂಬಿದ್ದೇನೆ. ಆದರೆ ಫೋನು ಅಪ್ಪನ ಬಲಗಿವಿಯಲ್ಲಿತ್ತು, ನಾನು ನಿಂತದ್ದು ಎಡಕ್ಕೆ. ಅವರು ಮಾವನ ಜೊತೆ ನಗುತ್ತಲೇ ಇದ್ದರು. ರೆಕಾರ್ಡು ಮಾಡಿಕೊಳ್ಳಲಿಕ್ಕೂ ಅಲ್ಲಿ ಯಾರೂ ಇರಲಿಲ್ಲ.