ಬಂಗಡೆ ಸಾರಿಗೆ ಗುಲಾಬಿ ವೈನ್

ಮನೆಯಲ್ಲಿ ನಾನು ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಕುಡಿದದ್ದರಿಂದಲ್ಲ, ಕುಡಿಯಲು ಯಾರಾದರೂ ಬಿಟ್ಟರೆ ತಾನೆ?

ನಾನು ಗೋವಾದ ಹೋಟೆಲೊಂದರಲ್ಲಿ ಊಟ ಬಡಿಸುವವನು. ಇಪ್ಪತ್ತು ವರ್ಷ ತಟ್ಟೆ ಹೊತ್ತು ನನ್ನ ಎರಡೂ ಮೊಣಕಾಲು ಮುಷ್ಕರ ಹೂಡಿವೆ. ಈ ಸಲ ರಜೆಗೆ ಹೊರಟಾಗ ಮ್ಯಾನೇಜರು ನಾಲ್ಕು ಬಾಟಲಿ ವೈನ್ ಕೊಟ್ಟರು. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಮಾದರಿಯದು, ತಿಳಿಗುಲಾಬಿ ಬಣ್ಣ. "ನಿಮ್ಮ ಕಡೆಯ ಮನೆ ಅಡುಗೆಗೆ ಇದು ಹೇಗೆ ಹೊಂದುತ್ತದೆ ನೋಡಿ ಪಟ್ಟಿ ಮಾಡು. ರಜೆ ಮುಗಿಯುವಾಗ ನಾನೇ ಊಟಕ್ಕೆ ಬರ್ತೇನೆ. ಸರಿ ಅನಿಸಿದರೆ ವೈನ್ ವಿಭಾಗ ನಿನಗೆ" ಎಂದರು.

ಆ ವಿಭಾಗಕ್ಕೆ ಒಂದು ಕುರ್ಚಿ ಇದೆ. ವೈನಿನ ಮೇಲೆ ನನಗೆ ಅಂಥ ಪ್ರೀತಿಯೇನಿಲ್ಲ. ನನಗೆ ಬೇಕಾದದ್ದು ಆ ಕುರ್ಚಿ.

೧. ಬಣ್ಣ

ಕುಮಟೆ ಹತ್ತಿರದ ಧಾರೇಶ್ವರದ ನಮ್ಮ ಮನೆಯಲ್ಲಿ ಅತ್ತೆ ಇದ್ದಾರೆ, ಹೆಂಡತಿಯ ತಾಯಿ. ಹಳೇ ಪದ್ಧತಿಯವರು, ಅಳಿಯನ ಜೊತೆ ನೇರ ಮಾತಿಲ್ಲ. ನಾನು ಎದುರಿಗೇ ನಿಂತಿದ್ದರೂ ಮಗಳ ಮೂಲಕವೇ ಹೇಳಿಸುತ್ತಾರೆ. ಮಗಳು ಮನೆಯಲ್ಲಿಲ್ಲದಾಗ ಬೆಕ್ಕಿಗೆ ಹೇಳುವುದೂ ಉಂಟು.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಎಂತಾ ಬಣ್ಣ? ಮುರುಗಲ ಹಣ್ಣಿನ ಸಿಪ್ಪೆ ತೊಳೆದ ನೀರಿನ ಹಾಗೆ ಇದೆ. ಯಾರೋ ನೀರು ಬೆರೆಸಿ ಕೊಟ್ಟಿದ್ದಾರೆ ಅಂತ ಅವ್ರಿಗೆ ಹೇಳೇ."

"ತೆಳು ಬಣ್ಣ ಇದ್ದಷ್ಟೂ ಒಳ್ಳೇದು ಅಂತ ಅತ್ತೆಗೆ ಹೇಳು" ಎಂದೆ.

"ಹಾಲು ಕೊಡುವವನೂ ಹಾಗೇ ಹೇಳ್ತಾನೆ ಅಂತ ಹೇಳೇ."

೨. ನಾಲಿಗೆ

ಮೊದಲ ಪರೀಕ್ಷೆ ಬಂಗಡೆ ಮೀನಿನ ಸಾರಿನದು. ಅತ್ತೆ ಅದಕ್ಕೆ ಜುಮ್ಮನಕಾಯಿಯನ್ನು ಧಾರಾಳವಾಗಿ ಹಾಕುತ್ತಾರೆ. ಬಾಯಿಗಿಟ್ಟರೆ ನಾಲಿಗೆಯೆಲ್ಲ ಜುಮ್ಮೆನ್ನುವ ಕಾಯಿ ಅದು. ನನ್ನೊಬ್ಬನ ನಾಲಿಗೆ ಸಾಲದೆಂದು ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರರನ್ನೂ ಊಟಕ್ಕೆ ಕರೆದೆ. ಅವರು ಮೂರು ಬಂಗಡೆ ಮುಗಿಸಿ, ವೈನ್ ಗುಟುಕರಿಸಿ, ಕಣ್ಣು ಮುಚ್ಚಿ ಕೂತರು. ನಾನು ಪೆನ್ನು ಹಿಡಿದು ಕಾದೆ.

"ರುಚಿ ಹೇಗಿದೆ?"

"ಸ್ವಲ್ಪ ತಡಿಯೋ ಮಾರಾಯ. ಬಾಯಲ್ಲಿ ಎಂತದೋ ಇದೆ. ವೈನೋ, ನನ್ನ ನಾಲಿಗೆಯೋ ಗೊತ್ತಾಗ್ತಾ ಇಲ್ಲ."

ನನ್ನ ಸ್ಥಿತಿಯೂ ಅದೇ. ಪಟ್ಟಿಯಲ್ಲಿ ಬರೆದೆ: ಬಂಗಡೆ ಸಾರಿಗೆ ಯಾವ ವೈನಾದರೂ ಆದೀತು.

೩. ಬಿರಿಯಾನಿ

ಭಟ್ಕಳದಲ್ಲಿ ನನ್ನ ಹಳೆಯ ಸ್ನೇಹಿತನ ಬಟ್ಟೆ ಅಂಗಡಿ ಇದೆ. ಅವನು ವೈನ್ ಮುಟ್ಟುವವನಲ್ಲ, ಆದರೆ ಅವನ ಮನೆಯ ಬಿರಿಯಾನಿಗೆ ಸಮ ಇಲ್ಲ. ಪರೀಕ್ಷೆಗೆಂದು ಒಂದು ಡಬ್ಬಿ ಕೇಳಿದೆ. ಅವನು ಎರಡು ಕೊಟ್ಟ.

"ಎರಡು ಯಾಕೋ?"

"ಬಿರಿಯಾನಿಗೆ ಜೋಡಿ ಹುಡುಕ್ತಾ ಇದ್ದೀಯಲ್ಲ. ಒಂದಕ್ಕೆ ಇನ್ನೊಂದು ಜೋಡಿ."

ಮನೆಗೆ ತಂದು ತಿಂದು ನೋಡಿದೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಪಟ್ಟಿಗೆ ಬರೆಯಲು ಏನೂ ಉಳಿಯಲಿಲ್ಲ.

೪. ಪರೀಕ್ಷೆಯ ದಿನ

ಇಂಥ ಪರೀಕ್ಷೆಗಳಲ್ಲೇ ಮೂರು ಬಾಟಲಿ ಮುಗಿದು, ಕೊನೆಗೆ ಉಳಿದದ್ದು ಒಂದೇ. ಪಟ್ಟಿಯಲ್ಲಿ ನೆಟ್ಟಗಿನ ಸಾಲು ಒಂದೂ ಇಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬರುವ ಹಾಗಾಗಿತ್ತು. ಹೊನ್ನಾವರದಿಂದ ಒಳ್ಳೆಯ ಶೆಟ್ಲಿ, ಅಂದರೆ ಸೀಗಡಿ, ತಂದು, ಹುರಿಯಲು ಹೆಂಡತಿಗೆ ಕೊಟ್ಟು, ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, ಮ್ಯಾನೇಜರನ್ನು ಕರೆತರಲು ಹೈವೇಗೆ ಹೋದೆ.

ಊಟಕ್ಕೆ ಕೂತ ಮೇಲೆ ಅವರ ಗ್ಲಾಸಿಗೆ ವೈನ್ ಬಗ್ಗಿಸಿದೆ. ತಿಳಿಗುಲಾಬಿ ಹೋಗಿ ಕಡುಗೆಂಪು. ಹಿಂದೆಯೇ ಮುರುಗಲ ಸಿಪ್ಪೆಯ ಚೂರೊಂದು ಬಂದು ಗ್ಲಾಸಿನಲ್ಲಿ ಈಜತೊಡಗಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸಮಾಧಾನದಿಂದ ನಿಂತಿದ್ದರು. ಬಣ್ಣಗೆಟ್ಟ ವೈನ್ ಕೊಟ್ಟು ಅಳಿಯನ ಮರ್ಯಾದೆ ಹೋಗಬಾರದೆಂದು, ಸಾರಿನ ಹುಳಿಗೆಂದು ಉಪ್ಪು ಹಾಕಿ ಒಣಗಿಸಿಟ್ಟ ಕೆಂಪು ಸಿಪ್ಪೆಯನ್ನು ನಾನು ಹೊರಗೆ ಹೋದಾಗ ವೈನಿನಲ್ಲಿ ನೆನೆಸಿ, ಸೋಸಿ, ಮತ್ತೆ ಬಾಟಲಿಗೆ ತುಂಬಿಸಿಟ್ಟಿದ್ದರು.

ನಾನು ಗ್ಲಾಸು ಕಿತ್ತುಕೊಳ್ಳುವಷ್ಟರಲ್ಲಿ ಮ್ಯಾನೇಜರು ಒಂದು ಗುಟುಕು ಕುಡಿದಾಗಿತ್ತು. ಒಂದು ಶೆಟ್ಲಿ ತಿಂದರು. ಮತ್ತೆ ಕುಡಿದರು. ನನ್ನ ಕುರ್ಚಿ ಕಣ್ಣೆದುರೇ ದೂರ ಹೋಗುತ್ತಿತ್ತು.

"ಶೆಟ್ಲಿಗೆ ಇಷ್ಟು ಹೊಂದುವ ವೈನ್ ನಾನು ಕುಡಿದೇ ಇಲ್ಲ. ಇದು ನಾನು ಕೊಟ್ಟದ್ದಲ್ಲ. ಯಾವ ಊರಿನದು?"

ಸುಳ್ಳು ಹೇಳಿದರೆ ನಾಳೆಯೇ ಐವತ್ತು ಬಾಟಲಿ ತರಿಸು ಎಂದಾರು. ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ನಗಲು ಹೋಗಿ ಶೆಟ್ಲಿ ನೆತ್ತಿಗೇರಿಸಿಕೊಂಡರು. ಕೆಮ್ಮು ನಿಂತ ಮೇಲೆ, "ವಿಭಾಗ ನಿನಗೇ. ಆದರೆ ಪಟ್ಟಿ ಮಾತ್ರ ನಿಮ್ಮ ಅತ್ತೆಗೆ ತೋರಿಸಿ ಕಳಿಸು" ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, "ಅಮ್ಮಾ, ಕುಮಟೆ ಕಡೆ ಇಷ್ಟು ಚಂದ ವೈನ್ ಮಾಡ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು ಮಗಳಿಗೆ ಹೇಳಿದರು: "ನಾವು ಮಾಡೂದಿಲ್ಲ, ರಿಪೇರಿ ಮಾಡೂದು ಅಷ್ಟೇ ಅಂತ ಅವ್ರಿಗೆ ಹೇಳೇ."